ಕೆಡವಲೆಂದು ಕರೆದ ಮನೆ: ವಿಜಯಪುರದ ಒಂದು ವಾಡೆಯ ಪ್ರಕರಣ

ವಿಜಯಪುರದ ಹಳೆಯ ಪೇಟೆಯ ಓಣಿಯೊಂದರಲ್ಲಿರುವ ವಾಡೆಯನ್ನು, ಅಂದರೆ ಅಂಗಳ ಪಡಸಾಲೆಗಳಿರುವ ಹಳೆಯ ದೊಡ್ಡ ಮನೆಯನ್ನು ನೋಡಿ, ಅದು ಕೆಡವಲು ಯೋಗ್ಯವೆಂದು ಬರೆದುಕೊಡಬೇಕೆಂದು ಅದರ ವಾರಸುದಾರರು ನನ್ನನ್ನು ಕರೆದಿದ್ದರು. ಉಳಿಸಬಹುದೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಪಡುವಣ ಗೋಡೆಯಿಂದ ಒಂದು ಚಕ್ಕಡಿಯಷ್ಟು ಕಲ್ಲು ಓಣಿಗೆ ಉರುಳಿತ್ತು, ಪಕ್ಕದ ಮನೆಯವರು ದೂರು ಕೊಟ್ಟಿದ್ದರು, ಶಿಥಿಲ ಕಟ್ಟಡವನ್ನು ಸರಿಪಡಿಸಿರಿ ಇಲ್ಲವೇ ತೆರವುಗೊಳಿಸಿರಿ ಎಂಬ ನೋಟಿಸು ಬಂದಿತ್ತು. ಮೂರು ಹಿಸ್ಸೆಯ ಆಸ್ತಿ ಅದು. ಒಂದು ಹಿಸ್ಸೆಯವರು ಪುಣೆಯಲ್ಲಿ, ಇನ್ನೊಂದು ಹಿಸ್ಸೆಯವರು ಸೊಲ್ಲಾಪುರದಲ್ಲಿ ಇದ್ದಾರೆ. ಮೂರನೆಯ ಹಿಸ್ಸೆಯ ಹಿರಿಯ ಸೊಸೆ, ಎಪ್ಪತ್ತು ದಾಟಿದವರು, ಒಬ್ಬರೇ ಆ ಮನೆಯಲ್ಲಿ ದೀಪ ಹಚ್ಚಿಕೊಂಡಿದ್ದರು. ಮನೆತನದ ಹೆಸರನ್ನೂ ಓಣಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಈ ಪ್ರಕರಣದಲ್ಲಿ ಉಪಯೋಗಕ್ಕೆ ಬರುವುದು ಹೆಸರಲ್ಲ, ನಾವು ನಿರ್ಧಾರಕ್ಕೆ ಬಂದ ದಾರಿ.

ವಾರಸುದಾರರ ಭಯ ಸುಳ್ಳಾಗಿರಲಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. 2021ರ ಅಕ್ಟೋಬರಿನಲ್ಲಿ ಬೆಳಗಾವಿ ಜಿಲ್ಲೆಯ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆ ಕುಸಿದು ಏಳು ಜನ ತೀರಿಕೊಂಡರು. ಹಳೆಯ ಮನೆಯನ್ನು ಉಳಿಸಿರಿ ಎಂದು ಹೇಳುವವನು, ಆ ಮಾಳಿಗೆಯ ಕೆಳಗೆ ರಾತ್ರಿ ಮಲಗುವವರ ಜೀವದ ಹೊಣೆಯನ್ನೂ ಅದೇ ಉಸಿರಿನಲ್ಲಿ ಹೊರಬೇಕಾಗುತ್ತದೆ. ಆದ್ದರಿಂದ ಮೊದಲ ದಿನವೇ ನಾನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬರೆದುಕೊಂಡೆ. ಈ ಮನೆ ಬೀಳುತ್ತದೆಯೇ ಎಂಬುದು ಒಂದು, ಈ ಮನೆ ಉಳಿಯಲು ಅರ್ಹವೇ ಎಂಬುದು ಇನ್ನೊಂದು. ನಮ್ಮಲ್ಲಿ ಬಹುತೇಕ ವಾಡೆಗಳು ಹೋದದ್ದು ಈ ಎರಡೂ ಪ್ರಶ್ನೆಗಳನ್ನು ಒಂದೇ ಎಂದು ತಿಳಿದದ್ದರಿಂದ: ಬಿರುಕು ಕಂಡ ಕೂಡಲೇ ಅರ್ಹತೆಯ ಮಾತು ನಿಂತುಬಿಡುತ್ತದೆ.

ಮನೆಯ ಕಟ್ಟು

ಓಣಿಯ ಕಡೆಯಿಂದ ನೋಡಿದರೆ ಅದು ವಾಡೆಯೆಂದೇ ತಿಳಿಯುವುದಿಲ್ಲ. ಮುಂದೆ ಐದು ಅಂಗಡಿಗಳ ಸಾಲು, ಮೇಲೆ ಕಾಂಕ್ರೀಟ್ ಸ್ಲ್ಯಾಬು, ಕಬ್ಬಿಣದ ಶಟರು. ಇದು 1970ರ ದಶಕದಲ್ಲಿ ಬಾಡಿಗೆಗೆಂದು ಕಟ್ಟಿದ್ದು. ಅಂಗಡಿಗಳ ನಡುವೆ ಒಬ್ಬರು ಹೋಗುವಷ್ಟು ಜಾಗದಲ್ಲಿ ನಡೆದು ಒಳಗೆ ಹೋದರೆ ಹಳೆಯ ದಿಡ್ಡಿ ಬಾಗಿಲು, ಅದರಾಚೆ ಶಹಾಬಾದಿ ಪರಸಿ ಹಾಸಿದ ಅಂಗಳ, ಅಂಗಳದ ಎದುರು ಎದೆಮಟ್ಟದ ಕಟ್ಟೆಯ ಮೇಲೆ ಹನ್ನೆರಡು ಸಾಗವಾನಿ ಕಂಬಗಳ ಪಡಸಾಲೆ. ಪ್ರತಿ ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಎರಡೂ ತುದಿಗೆ ಕೆಳಮುಖವಾದ ಬಾಳೆಮೊಗ್ಗಿನ ಕೆತ್ತನೆ. ಒಳಗೆ ನಡುಮನೆ, ದೇವರ ಜಗುಲಿ, ಎರಡು ಕತ್ತಲೆಕೋಣೆ, ಬಡಗಣ ದಿಕ್ಕಿಗೆ ಒಂದು ಉದ್ದನೆಯ ಕೋಣೆ. ಹಿತ್ತಲಲ್ಲಿ ಅಡಿಗೆಮನೆ ಮತ್ತು ದನದ ಕೊಟ್ಟಿಗೆ. ಪಡಸಾಲೆಯ ನೆಲದಲ್ಲಿ, ಮೂರನೆಯ ಕಂಬದ ಹತ್ತಿರ, ದುಂಡು ಕಲ್ಲು ಮುಚ್ಚಿದ ಹಗೇವಿನ ಬಾಯಿ.

ಆ ಹಗೇವನ್ನು ಮೊದಲು ತೆರೆಸಿದೆ. ಜೋಳ ತುಂಬಿಡುತ್ತಿದ್ದ ಈ ನೆಲದ ಕಣಜಗಳಲ್ಲಿ ಬಹಳ ದಿನ ಮುಚ್ಚಿದ್ದರೆ ಉಸಿರಾಡಲು ಯೋಗ್ಯವಾದ ಗಾಳಿ ಇರುವುದಿಲ್ಲ. ಇಳಿದವರು ಇಳಿದಲ್ಲೇ ಕುಸಿದುಬಿದ್ದ ಸಂಗತಿಗಳನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರೆ. ಕಲ್ಲು ಸರಿಸಿ ಒಂದು ಹಗಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಟ್ಟು, ಅದು ಅರ್ಧ ತಾಸು ಆರದೆ ಉರಿದ ಮೇಲೆಯೇ ಗೌಂಡಿ ಏಣಿ ಇಳಿದರು. ತಳದಲ್ಲಿ ಹುಲ್ಲಿನ ಒಣ ಪುಡಿ ಇತ್ತು, ತೇವ ಇರಲಿಲ್ಲ. ಇದು ನನಗೆ ಬೇಕಾಗಿದ್ದ ಮೊದಲ ಸಾಕ್ಷಿ. ಪಡಸಾಲೆಯ ಬುನಾದಿಯ ಕೆಳಗೆ ಚರಂಡಿಯ ನೀರು ಇಳಿಯುತ್ತಿದ್ದರೆ, ಆಳು ಮಟ್ಟದ ಆ ಗುಂಡಿ ಅದನ್ನು ಮೊದಲು ಹೇಳುತ್ತಿತ್ತು. ಹಾಗಾದರೆ ಪಡುವಣ ಗೋಡೆಯನ್ನು ಕೆಡಿಸಿದ ನೀರು ಕೆಳಗಿನಿಂದ ಬಂದದ್ದಲ್ಲ, ಮೇಲಿನಿಂದ ಬಂದದ್ದು.

ಆದಿಲಶಾಹಿ ಕಾಲದ ಮನೆಯೇ?

ಮನೆಯವರ ಹೆಮ್ಮೆಯ ಮಾತೊಂದಿತ್ತು: ಇದು ಆದಿಲಶಾಹಿ ಕಾಲದ ವಾಡೆ, ಗೋಲಗುಂಬಜ ಕಟ್ಟುವಾಗಲೇ ಕಟ್ಟಿದ್ದು. ಅದಕ್ಕೆ ಆಧಾರವಾಗಿ ದಿಡ್ಡಿ ಬಾಗಿಲ ಪಕ್ಕದ ಕೆತ್ತನೆಯ ಕಲ್ಲುಗಳನ್ನು ತೋರಿಸುತ್ತಿದ್ದರು. ಆ ಕಲ್ಲುಗಳು ನಿಜಕ್ಕೂ ಹಳೆಯವು. ಆದರೆ ಅವುಗಳಲ್ಲಿ ಒಂದು ಕಮಾನಿನ ಅಂಚಿಗೆಂದು ಕೆತ್ತಿದ ತುಂಡು, ಇಲ್ಲಿ ತಲೆಕೆಳಗಾಗಿ ಗೋಡೆಯಲ್ಲಿ ಕೂತಿದೆ. ಇನ್ನೊಂದು ಸಜ್ಜೆಯ ಕೆಳಗಿನ ಆನಿಕೆಗಲ್ಲು, ಇಲ್ಲಿ ಕಟ್ಟೆಯ ಮೆಟ್ಟಿಲಾಗಿದೆ. ತನಗೆಂದು ಕೆತ್ತಿದ ಕಲ್ಲನ್ನು ಯಾವ ಶಿಲ್ಪಿಯೂ ತಲೆಕೆಳಗಾಗಿ ಇಡುವುದಿಲ್ಲ. ಇವು ಬೇರೆಲ್ಲೋ ಬಿದ್ದ ಕಟ್ಟಡದಿಂದ ತಂದ ಕಲ್ಲುಗಳು.

ಮರ ಇನ್ನೂ ಸ್ಪಷ್ಟವಾಗಿ ಮಾತಾಡಿತು. ನಡುಮನೆಯ ಅಟ್ಟದ ಹಲಗೆಗಳ ಒಳಮೈಯನ್ನು ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಗರಗಸದ ಗುರುತುಗಳು ಬಿಲ್ಲಿನಂತೆ ಬಾಗಿದ್ದವು. ಕೈಗರಗಸ ನೇರ ಗೆರೆ ಬಿಡುತ್ತದೆ, ತಿರುಗುವ ಯಂತ್ರದ ಗರಗಸ ಬಾಗಿದ ಗೆರೆ ಬಿಡುತ್ತದೆ. ದೇವರ ಜಗುಲಿಯ ಪಕ್ಕದ ಮಾಡದಲ್ಲಿ ಕೆಂಪು ಬಟ್ಟೆ ಸುತ್ತಿಟ್ಟಿದ್ದ ಖಾತೆಪುಸ್ತಕಗಳಿದ್ದವು, ಎಲ್ಲವೂ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿ. ಈ ಜಿಲ್ಲೆ 1956ರವರೆಗೂ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಲೆಕ್ಕಪತ್ರಗಳು ಮೋಡಿಯಲ್ಲಿರುವುದು ಸಹಜ. ಮೋಡಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಎರಡು ಸಂಜೆ ಕೂತು ಓದಿದರು. ಅದರಲ್ಲಿ ಕಟ್ಟಿಗೆ ಕೊಂಡ ಲೆಕ್ಕ, ಸ್ಟೇಶನ್ನಿನಿಂದ ಗಾಡಿ ಬಾಡಿಗೆ, ಗೌಂಡಿಗಳ ಕೂಲಿ ಇವೆಲ್ಲ 1890ರ ದಶಕಕ್ಕೆ ಸೇರುವ ಶಕೆಯ ವರ್ಷಗಳಲ್ಲಿ ಬರೆದಿದ್ದವು.

ಇದನ್ನು ಹೇಳಿದಾಗ ಮನೆಯವರಿಗೆ ಬೇಸರವಾಯಿತು, ಮುನ್ನೂರು ನಾನೂರು ವರ್ಷದ ಮನೆ ಒಂದೇ ಮಾತಿನಲ್ಲಿ ನೂರಮೂವತ್ತು ವರ್ಷದ ಮನೆಯಾಯಿತು. ಆದರೆ ಮನೆಯ ನಿಜವಾದ ಮಹತ್ವ ನನಗೆ ಕಂಡದ್ದು ಇಲ್ಲಿಯೇ. 1686ರಲ್ಲಿ ಔರಂಗಜೇಬನು ಗೆದ್ದ ಮೇಲೆ ಈ ನಗರ ಕ್ರಮೇಣ ಬರಿದಾಯಿತು, ಗುಂಬಜ ಮಹಲುಗಳ ನಡುವೆ ಪಾಳುಗೋಡೆಗಳು ಉಳಿದವು. 1876ರಿಂದ 78ರವರೆಗಿನ ಡೋಗಿ ಬರ ಈ ಸೀಮೆಯನ್ನು ಹಿಂಡಿಹಾಕಿತು. ಆಮೇಲೆ ಗದಗ ಹೋಟಗಿ ರೈಲುಮಾರ್ಗ 1884ರಲ್ಲಿ ಬಂತು, 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಊರಿಗೆ ಮತ್ತೆ ವಕೀಲರು, ಅಡತಿ ವ್ಯಾಪಾರಿಗಳು, ಗುಮಾಸ್ತರು ಬಂದರು; ಅವರು ಪಾಳುಬಿದ್ದ ರಾಜಧಾನಿಯ ಕಲ್ಲಿನಿಂದ ಗೋಡೆ ಎಬ್ಬಿಸಿ, ರೈಲಿನಲ್ಲಿ ಬಂದ ಸಾಗವಾನಿಯಿಂದ ಪಡಸಾಲೆ ನಿಲ್ಲಿಸಿದರು. ಈ ಮನೆ ನಗರದ ಆ ಎರಡನೆಯ ಹುಟ್ಟಿನ ಮನೆ. ಸುಲ್ತಾನರ ಕಾಲಕ್ಕೆ ಇಬ್ರಾಹಿಂ ರೋಜಾ ಇದೆ, ಗಗನ ಮಹಲ್ ಇದೆ, ಬಾರಾ ಕಮಾನ್ ಇದೆ, ತಾಜ್ ಬಾವಡಿ ಇದೆ, ಅವನ್ನು ಕಾಯಲು ಕಾಯ್ದೆಯೂ ಕಾವಲುಗಾರರೂ ಇದ್ದಾರೆ. ಬರದ ಬೆನ್ನಿಗೆ ಊರನ್ನು ಮತ್ತೆ ಕಟ್ಟಿದ ಸಾಮಾನ್ಯ ಜನರ ಕಾಲಕ್ಕೆ ಇಂಥ ಕೆಲವು ಮನೆಗಳನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ, ಅವನ್ನು ಯಾವ ಪಟ್ಟಿಯೂ ಕಾಯುವುದಿಲ್ಲ.

ಗೋಡೆ, ಜಂತಿ, ಮಾಳಿಗೆ

ಪಡುವಣ ಗೋಡೆ 90 ಸೆಂಟಿಮೀಟರ್ ದಪ್ಪ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನದು. ಇಂಥ ಗೋಡೆ ಒಂದೇ ಮೈಯಾಗಿರುವುದಿಲ್ಲ. ಹೊರಗೊಂದು ಕಲ್ಲಿನ ಪದರ, ಒಳಗೊಂದು ಪದರ, ನಡುವೆ ಚಿಕ್ಕ ಕಲ್ಲು ಮತ್ತು ಮಣ್ಣಿನ ತುಂಬು. ಎರಡೂ ಪದರಗಳನ್ನು ಹಿಡಿದಿಡಲು ಅಲ್ಲಲ್ಲಿ ಗೋಡೆಯ ಅಡ್ಡಗಲಕ್ಕೂ ಚಾಚಿದ ಕೊಂಡಿಗಲ್ಲು. ಓಣಿಯಿಂದ ನೋಡಿದವರಿಗೆ ಗೋಡೆ ಹೊಟ್ಟೆ ಬಿಟ್ಟು ಇನ್ನೇನು ಮಗುಚುವಂತೆ ಕಾಣುತ್ತಿತ್ತು. ನಾವು ಹೊರಗೊಂದು ಒಳಗೊಂದು ಓಳಂಬ (ಗುಂಡು ಕಟ್ಟಿದ ದಾರ) ಇಳಿಬಿಟ್ಟು ಅರ್ಧರ್ಧ ಮೀಟರಿಗೆ ಅಳತೆ ತೆಗೆದೆವು. ಹೊರಮೈ ಎದೆಮಟ್ಟದಲ್ಲಿ 6 ಸೆಂಟಿಮೀಟರ್ ಉಬ್ಬಿತ್ತು, ಒಳಮೈ ಮೇಲಿಂದ ಕೆಳಗಿನವರೆಗೆ ದಾರಕ್ಕೆ ಸರಿಯಾಗಿ ನಿಂತಿತ್ತು. ಇಡೀ ಗೋಡೆ ವಾಲಿದ್ದರೆ ಎರಡೂ ದಾರ ಒಂದೇ ಮಾತು ಹೇಳುತ್ತಿದ್ದವು. ಇಲ್ಲಿ ವಾಲಿದ್ದು ಗೋಡೆಯಲ್ಲ, ಹೊರಗಿನ ಪದರವೊಂದೇ ಒಳಗಿನದರಿಂದ ಬಿಟ್ಟುಕೊಂಡಿತ್ತು. ಮಾಳಿಗೆಯ ಭಾರ ಕೂತಿರುವುದು ಬಹುಮಟ್ಟಿಗೆ ಒಳಪದರದ ಮೇಲೆ. ಈ ಒಂದು ವ್ಯತ್ಯಾಸದ ಮೇಲೆ ಮನೆಯ ಹಣೆಬರಹ ನಿಂತಿತ್ತು, ಅದನ್ನು ಕಂಡುಕೊಳ್ಳಲು ಬೇಕಾದದ್ದು ದಾರ, ಗುಂಡು ಮತ್ತು ಅರ್ಧ ದಿನದ ತಾಳ್ಮೆ.

ಪದರ ಬಿಟ್ಟದ್ದಕ್ಕೆ ಕಾರಣ ಮಾಳಿಗೆಯ ಮೇಲೆ ಸಿಕ್ಕಿತು. ನೀರನ್ನು ಗೋಡೆಯಿಂದ ದೂರ ಚೆಲ್ಲುವ ಕಲ್ಲಿನ ದೋಣಿ ಮುರಿದು ಎಷ್ಟೋ ವರ್ಷವಾಗಿತ್ತು, ಮಾಳಿಗೆಯ ನೀರೆಲ್ಲ ಗೋಡೆಯ ನೆತ್ತಿಯೊಳಗೆ ಇಳಿದು ನಡುವಿನ ಮಣ್ಣನ್ನು ಕೆಸರು ಮಾಡಿತ್ತು. ಅದರ ಮೇಲೆ, ತೇವ ಕಾಣಬಾರದೆಂದು ಯಾರೋ ಹೊರಮೈಗೆ ಸಿಮೆಂಟಿನ ಗಿಲಾವು ಬಳಿದಿದ್ದರು. ಮಣ್ಣಿನ ಗೋಡೆ ಕುಡಿದ ನೀರನ್ನು ಮೈಯಿಂದಲೇ ಆರಿಸಿಕೊಳ್ಳಬೇಕು. ಸಿಮೆಂಟು ಆ ಮೈಯನ್ನು ಮುಚ್ಚುತ್ತದೆ, ಒಳಗಿನ ತೇವ ಹೊರಬರಲಾರದೆ ಮೇಲೇರುತ್ತದೆ, ಅದರೊಂದಿಗೆ ಬಂದ ಉಪ್ಪು ಕಲ್ಲಿನ ಸಂದಿಯಲ್ಲಿ ಹರಳುಗಟ್ಟಿ ಗಾರೆಯನ್ನು ಪುಡಿ ಮಾಡುತ್ತದೆ. ನಮ್ಮೊಂದಿಗಿದ್ದ ಹಿರಿಯ ಗೌಂಡಿ ಮುರಿದ ದೋಣಿಯನ್ನು ನೋಡಿ ಹೇಳಿದ್ದಿಷ್ಟೇ: ‘ಮನಿ ಹಳೇದಾಗಿ ಬಿದ್ದಿಲ್ಲರೀ, ಮಾಳಗಿ ಮ್ಯಾಲ ಯಾರೂ ಏರಿಲ್ಲ ಅದಕ್ಕ ಬಿದ್ದದ.’

ಮಾಳಿಗೆಯಲ್ಲಿ ಒಂದು ಕಡೆ ಮಣ್ಣನ್ನು ಹಲಗೆಯವರೆಗೆ ತೋಡಿಸಿದೆ. 41 ಸೆಂಟಿಮೀಟರ್ ದಪ್ಪವಿತ್ತು. ತೋಡಿದ ಬದುವಿನಲ್ಲಿ ಪದರಗಳು ಎಣಿಸುವಂತಿದ್ದವು: ಅಡಿಯಲ್ಲಿ ಬೇವಿನ ಟೊಂಗೆ ಮತ್ತು ತೊಗರಿಕಟ್ಟಿಗೆಯ ಹಾಸು, ಅದರ ಮೇಲೆ ಹದವಾಗಿ ಬಡಿದ ಮಣ್ಣು, ಆಮೇಲೆ ಬಿಳಿಚಿದ ಕರಲಿನ ತೆಳುಗೆರೆ, ಮತ್ತೆ ಮಣ್ಣು, ಮತ್ತೆ ಕರಲು. ನಮ್ಮ ಭಾಗದಲ್ಲಿ ಮುಂಗಾರಿಗೆ ಮುನ್ನ ಮಾಳಿಗೆಗೆ ಕರಲು ಮಣ್ಣು ಹಾಕುವ ಪದ್ಧತಿ ಬಹಳ ತಿಳಿವಳಿಕೆಯದು. ಸವಳು ನೆಲದ ಆ ಮಣ್ಣಿನಲ್ಲಿರುವ ಸೋಡಿಯಂ ಕಾರಣದಿಂದ ಅದು ಮೊದಲ ಮಳೆಗೆ ಉಬ್ಬಿ, ನುಣ್ಣಗೆ ಬಿಡಿಸಿಕೊಂಡು, ಸಂದುಗಳನ್ನು ತುಂಬಿ ನೀರನ್ನು ತಡೆಯುತ್ತದೆ. ಆದರೆ ಹಳೆಯ ಪದ್ಧತಿಯ ಇನ್ನೊಂದು ಅರ್ಧವನ್ನು ಜನ ಬಿಟ್ಟಿದ್ದಾರೆ. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯಬೇಕು. ತೆಗೆಯದೆ ಹಾಕುತ್ತ ಹೋದದ್ದರಿಂದ ದಪ್ಪ ಬೆಳೆಯಿತು. ಬಡಿದ ಮಣ್ಣನ್ನು ಘನ ಮೀಟರಿಗೆ 1,700 ಕಿಲೋ ಎಂದು ಹಿಡಿದರೂ ಪ್ರತಿ ಚದರ ಮೀಟರಿನ ಮೇಲೆ ಸುಮಾರು 700 ಕಿಲೋ ಭಾರ. ಐದು ಅಂಗುಲದ ಕಾಂಕ್ರೀಟ್ ಸ್ಲ್ಯಾಬಿನ ಎರಡು ಪಟ್ಟಿಗೂ ಹೆಚ್ಚು, ಅದೂ ಒಣಗಿದ್ದಾಗ. ಮೇಲಿನಿಂದ ಒಂದು ಗೇಣು ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿತು. ಸೋರುವುದನ್ನು ನಿಲ್ಲಿಸಲೆಂದು ಹಾಸಿದ್ದು, ಹಲಗೆಯ ಕಡೆಯ ತೇವ ಮೇಲೆ ಆರದಂತೆ ಮಾಡಿತ್ತು.

ಜಂತಿಗಳನ್ನು ಒಂದೊಂದಾಗಿ ನೋಡಿದೆವು. ಬಡಿಗೇರರು ಸುತ್ತಿಗೆಯಿಂದ ತಟ್ಟಿ ದನಿ ಕೇಳುತ್ತ ಹೋದರು. ಅನುಮಾನ ಬಂದಲ್ಲಿ ದಬ್ಬಣ ಚುಚ್ಚಿದರು. ಗಟ್ಟಿ ಸಾಗವಾನಿಯಲ್ಲಿ ದಬ್ಬಣದ ತುದಿಯಷ್ಟೇ ಇಳಿಯುತ್ತದೆ, ಕೊಳೆತಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. 84 ಜಂತಿಗಳಲ್ಲಿ 19ರ ತುದಿಗಳು, ಪಡುವಣ ಗೋಡೆಯೊಳಗೆ ಸೇರಿದ ಭಾಗದಲ್ಲಿ, ಲಡ್ಡಾಗಿದ್ದವು. ಹನ್ನೆರಡು ಕಂಬಗಳೂ, ಬೋದಿಗೆಗಳೂ, ದೊಡ್ಡ ತೊಲೆಗಳೂ ಗಟ್ಟಿಯಾಗಿದ್ದವು, ಕಂಬಗಳು ಕಲ್ಲಿನ ಅಡಿಪೀಠದ ಮೇಲೆ ನಿಂತದ್ದರಿಂದ ಒರಲಿ ಅವನ್ನು ಮುಟ್ಟಿರಲಿಲ್ಲ. ಹಿತ್ತಲಿನ ಅಡಿಗೆಮನೆ ಮತ್ತು ಕೊಟ್ಟಿಗೆಯ ಕಥೆ ಬೇರೆ. ಅಲ್ಲಿ ಗೋಡೆಯ ಒಳಪದರವೂ ಕುಸಿದಿತ್ತು, ತೊಲೆಯನ್ನೇ ಒರಲಿ ತಿಂದಿತ್ತು. ಅದನ್ನು ಮಳೆಗಾಲಕ್ಕೆ ಮುನ್ನ ಇಳಿಸಲೇಬೇಕೆಂದು ಅಂದೇ ಹೇಳಿದೆ, ಆ ಅಜ್ಜಿ ಮರುದಿನವೇ ಒಲೆಯನ್ನು ನಡುಮನೆಗೆ ತಂದರು.

ನೂರು ಮೀಟರ್‌ ಗೆರೆ

ವಿಜಯಪುರದಲ್ಲಿ ಮನೆಯೊಂದರ ಮಾತು ಪಕ್ಕದ ಸ್ಮಾರಕದ ಮಾತಿಲ್ಲದೆ ಮುಗಿಯುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ಕೆಡವಿ ಮರಳಿ ಕಟ್ಟುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮುಂಚಿನಿಂದ ಇರುವ ಕಟ್ಟಡಕ್ಕೆ ದುರಸ್ತಿ ಮತ್ತು ನವೀಕರಣದ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ, ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಕಟ್ಟಬಹುದು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವರದಿಯಲ್ಲಿ ಸ್ಮಾರಕದ ಗೋಡೆಯಿಂದ ಮನೆಯ ಮುಂಗಡೆಗೆ ಟೇಪು ಹಿಡಿದು 112 ಮೀಟರ್ ಎಂದು ಬರೆದಿದ್ದೆ. ಇಡೀ ಮನೆ ನಿಯಂತ್ರಿತ ಪ್ರದೇಶದಲ್ಲಿದೆಯೆಂದು ನಂಬಿದ್ದೆ. ಆದರೆ ಅಳತೆ ಶುರುವಾಗಬೇಕಾದದ್ದು ಗುಂಬಜದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ. ಎಲ್ಲೆಯ ಕಲ್ಲಿನಿಂದ ಅಳೆದಾಗ ಬಂದದ್ದು 87 ಮೀಟರ್. ಅಂದರೆ ನೂರನೆಯ ಮೀಟರಿನ ಗೆರೆ ನಮ್ಮ ವಾಡೆಯ ಅಂಗಳದ ನಡುವೆ, ತುಳಸಿಕಟ್ಟೆಯ ಹತ್ತಿರ ಹಾದುಹೋಗುತ್ತಿತ್ತು. ವಾರಸುದಾರರು ಆಗಲೇ ಅಂಗಡಿಗಳನ್ನು ಕೆಡವಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುವ ನಕ್ಷೆ ಮಾಡಿಸಿದ್ದರು. ನನ್ನ ಮೊದಲ ವರದಿಯನ್ನು ನಂಬಿ ಅವರು ಮುಂದಿನ ಸಾಲನ್ನು ಕೆಡವಿದ್ದರೆ, ಐದು ಅಂಗಡಿಗಳ ಬಾಡಿಗೆಯೂ ಹೋಗಿ, ಆ ಜಾಗದಲ್ಲಿ ಒಂದು ಗೂಡಂಗಡಿಯನ್ನೂ ಎಬ್ಬಿಸಲಾಗದೆ ಕೂರಬೇಕಾಗುತ್ತಿತ್ತು. ವರದಿಯನ್ನು ಹಿಂದಕ್ಕೆ ತೆಗೆದುಕೊಂಡು, ಮೂವರಿಗೂ ಬರಹದಲ್ಲಿ ತಿಳಿಸಿದೆ.

ಗೆರೆ ಬಿದ್ದ ರೀತಿ ಪ್ರಕರಣವನ್ನು ವಿಚಿತ್ರ ಸ್ಥಿತಿಗೆ ತಂದಿತು. ಯಾವ ಬೆಲೆಯೂ ಇಲ್ಲದ 1970ರ ದಶಕದ ಸ್ಲ್ಯಾಬಿನ ಅಂಗಡಿಗಳು ನಿಷೇಧಿತ ಪ್ರದೇಶದಲ್ಲಿ ಸಿಕ್ಕಿ, ಕೆಡವಿದರೆ ಕಟ್ಟಲಾಗದೆಂಬ ಕಾರಣಕ್ಕೆ ಉಳಿಯುವಂತಾದವು. ಹನ್ನೆರಡು ಕಂಬದ ಪಡಸಾಲೆ ಗೆರೆಯಾಚೆ ಬಿದ್ದು, ಅನುಮತಿ ಪಡೆದು ಕೆಡವಿ ಕಟ್ಟಬಹುದಾದ ಜಾಗವಾಯಿತು. ಕಾಯ್ದೆ ಕಾಯುವುದು ಸ್ಮಾರಕದ ಸುತ್ತಲಿನ ಬಯಲನ್ನು, ಮನೆಯನ್ನಲ್ಲ. ಹಾಗಾಗಿ ಅದರ ಗೆರೆ ಮನೆಯ ಮಹತ್ವದ ಗೆರೆಯ ಮೇಲೆ ಬೀಳಬೇಕೆಂದೇನೂ ಇಲ್ಲ. ನೂರು ವರ್ಷ ದಾಟಿದ ಕಟ್ಟಡ ಆ ಕಾಯ್ದೆಯ ಲೆಕ್ಕದಲ್ಲಿ ‘ಪ್ರಾಚೀನ’ ಎನಿಸಿಕೊಳ್ಳಬಹುದಾದರೂ, ರಾಷ್ಟ್ರೀಯ ಮಹತ್ವದ್ದೆಂದು ಘೋಷಣೆಯಾಗದ ಹೊರತು ಅದಕ್ಕೆ ರಕ್ಷಣೆಯಿಲ್ಲ. ಪಡಸಾಲೆ ಉಳಿಯುವುದು ಅಳಿಯುವುದು ಇನ್ನು ಸಂಪೂರ್ಣವಾಗಿ ಮೂವರು ವಾರಸುದಾರರ ಮನಸ್ಸಿಗೆ ಬಿಟ್ಟದ್ದಾಯಿತು.

ಅರ್ಹತೆಯನ್ನು ತೂಗಿದ ಬಗೆ

ಪಾರಂಪರಿಕ ಸ್ಥಳಗಳ ಸಂರಕ್ಷಣೆಗೆಂದು ಆಸ್ಟ್ರೇಲಿಯದಲ್ಲಿ 1979ರಲ್ಲಿ ರೂಪುಗೊಂಡ ಬುರ್ರಾ ಸನ್ನದು, ಒಂದು ಸ್ಥಳದ ಮಹತ್ವವನ್ನು ಸೌಂದರ್ಯ, ಇತಿಹಾಸ, ಜ್ಞಾನ, ಸಮುದಾಯ ಮತ್ತು ಶ್ರದ್ಧೆಯ ಕಣ್ಣಿನಿಂದ ಮೊದಲು ಅಳೆದು, ಆಮೇಲೆ ಏನು ಮಾಡಬೇಕೆಂದು ತೀರ್ಮಾನಿಸಬೇಕೆನ್ನುತ್ತದೆ. ಆ ಅನುಕ್ರಮ ನನಗೆ ಸರಿ ಎನಿಸುತ್ತದೆ, ಆದರೆ ಇಡೀ ಮನೆಗೆ ಒಂದೇ ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ವಾಡೆ ಒಂದೇ ಸಲ ಕಟ್ಟಿದ್ದಲ್ಲ, ಮನೆತನ ಬೆಳೆದಂತೆ ಬೆಳೆದದ್ದು. ಅದಕ್ಕಾಗಿ ಭಾಗಭಾಗವಾಗಿ ಬರೆದೆ. ಪಡಸಾಲೆ, ನಡುಮನೆ, ಹಗೇವು, ದಿಡ್ಡಿ ಬಾಗಿಲು ಇವು ಹೋದರೆ ಮನೆಯೇ ಹೋದಂತೆ. ಅಂಗಳ ಕಟ್ಟಡವಲ್ಲವಾದರೂ, ಅದನ್ನು ತುಂಬಿಬಿಟ್ಟರೆ ಪಡಸಾಲೆಗೆ ಬೆಳಕು ಗಾಳಿ ಇಲ್ಲವಾದ್ದರಿಂದ ಅದೂ ಅಷ್ಟೇ ಮುಖ್ಯ. ಬಡಗಣ ಕೋಣೆ ಸಾಧಾರಣ. ಅಡಿಗೆಮನೆ ಮತ್ತು ಕೊಟ್ಟಿಗೆಯನ್ನು ನಕ್ಷೆ ತೆಗೆದು, ಫೋಟೋ ತೆಗೆದು, ಇಳಿಸಬಹುದು.

ಕಟ್ಟೆಯ ಕೆಳಗೆ, ಅಂಗಳದ ಮೂಲೆಯಲ್ಲಿ, ಒಂದು ಚಪ್ಪಟೆ ಕಲ್ಲು ಇದೆ. ಹೊಲದ ಆಳುಗಳು ಕೂಲಿಗೂ ಕಾಳಿಗೂ ಬಂದಾಗ ಅಲ್ಲಿಯೇ ಕೂರಬೇಕಿತ್ತೆಂದೂ, ಕಟ್ಟೆ ಹತ್ತುವಂತಿರಲಿಲ್ಲವೆಂದೂ ಅಜ್ಜಿ ತಾವಾಗಿಯೇ ಹೇಳಿದರು; ತಾವೂ ಮದುವೆಯಾಗಿ ಬಂದ ಎಷ್ಟೋ ವರ್ಷ ಗಂಡಸರಿದ್ದಾಗ ಪಡಸಾಲೆಗೆ ಬಂದವರಲ್ಲವೆಂದೂ ಹೇಳಿದರು. ಮನೆಯ ಮಹತ್ವವನ್ನು ಬರೆಯುವಾಗ ಬೋದಿಗೆಯ ಕೆತ್ತನೆಯ ಬಗ್ಗೆ ಎರಡು ಪುಟ ಬರೆದು ಈ ಕಲ್ಲನ್ನು ಬಿಟ್ಟರೆ ಅದು ಸುಳ್ಳು ದಾಖಲೆಯಾಗುತ್ತದೆ. ಆ ಕಲ್ಲನ್ನು ಕದಲಿಸಬಾರದೆಂದು ವರದಿಯಲ್ಲಿ ಸೇರಿಸಿದೆ.

ಕೆಡವಬೇಕೆನ್ನುವವರ ಮಾತಿನಲ್ಲೂ ತಿರುಳಿತ್ತು. ಮನೆಯೊಳಗೆ ಶೌಚಾಲಯ ಇರಲಿಲ್ಲ, ವಯಸ್ಸಾದವರು ರಾತ್ರಿ ಹಿತ್ತಲಿಗೆ ನಡೆಯಬೇಕಿತ್ತು. ಮಾಳಿಗೆಗೆ ವರ್ಷವರ್ಷ ಮಣ್ಣು ಹೊರುವ ಆಳುಗಳು ಈಗ ಸಿಗುವುದಿಲ್ಲ. ಪುಣೆಯ ಹಿಸ್ಸೆದಾರರು ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದರು, ಅವರಿಗೆ ಮಗಳ ಓದಿನ ಖರ್ಚಿತ್ತು, ಆಸ್ತಿ ಕಂಬವಾಗಿ ನಿಂತಿರುವುದಕ್ಕಿಂತ ಹಣವಾಗಿ ಬೇಕಿತ್ತು. ಹಳೆಯ ಕಟ್ಟಿಗೆಯ ವ್ಯಾಪಾರಿಯೊಬ್ಬರು ಎರಡು ಸಲ ಬಂದು ಕಂಬ ಬೋದಿಗೆಗಳಿಗೆ ಬೆಲೆ ಕಟ್ಟಿಹೋಗಿದ್ದರು. ಕಂಬಗಳು ಹೋಟೆಲಿನ ಅಂಗಳಕ್ಕೋ ತೋಟದ ಮನೆಗೋ ಹೋಗಿ ‘ಉಳಿಯುತ್ತವೆ’ ಎಂಬ ವಾದವನ್ನೂ ಕೇಳಿದೆ. ಬಾಗಲಕೋಟೆಯ ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿ ನವನಗರ ಎದ್ದಾಗ ಅಲ್ಲಿಯ ಮನೆಗಳಿಗೆ ನಿಲ್ಲುವ ಆಯ್ಕೆಯೇ ಇರಲಿಲ್ಲ. ಬಿಚ್ಚಿಕೊಂಡು ಹೋದದ್ದೇ ಉಳಿದದ್ದು. ಇಲ್ಲಿ ನೀರು ಏರಿ ಬರುತ್ತಿರಲಿಲ್ಲ. ಕಟ್ಟೆಯಿಂದ ಕಿತ್ತ ಕಂಬ ಒಳ್ಳೆಯ ಸಾಗವಾನಿ ಮಾತ್ರ, ಅದು ಪಡಸಾಲೆಯಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಮೂರು ಗಂಟೆಗೆ ಉಷ್ಣಮಾಪಕ ಹಿಡಿದು ತಿರುಗಿದೆ. ಓಣಿಯ ನೆರಳಿನಲ್ಲಿ 40 ಡಿಗ್ರಿ, ಸ್ಲ್ಯಾಬಿನ ಅಂಗಡಿಯೊಳಗೆ 38, ನಡುಮನೆಯಲ್ಲಿ 31. ಸೊಲ್ಲಾಪುರದಿಂದ ಬಂದ ಹಿಸ್ಸೆದಾರರು ಆ ಹೊತ್ತು ನಡುಮನೆಯ ತಣ್ಣನೆಯ ಪರಸಿಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಅವರ ಮನಸ್ಸು ತಿರುಗಿದ್ದು ಆ ಮಧ್ಯಾಹ್ನವೇ ಎಂದು ನನ್ನ ನಂಬಿಕೆ, ಇತಿಹಾಸದ ನನ್ನ ಮಾತುಗಳಿಂದಲ್ಲ.

ನಿರ್ಧಾರ ಮತ್ತು ಕೆಲಸ

ಎರಡು ಹಿಸ್ಸೆಯವರು ಸಹಿ ಮಾಡಿದರು. ಪಡಸಾಲೆ, ನಡುಮನೆ ಮತ್ತು ದಿಡ್ಡಿಯ ದುರಸ್ತಿ; ಅಡಿಗೆಮನೆ, ಕೊಟ್ಟಿಗೆಗಳನ್ನು ಇಳಿಸಿ ಆ ಜಾಗದಲ್ಲಿ ಹೊಸ ಅಡಿಗೆಮನೆ, ಶೌಚಾಲಯ ಮತ್ತು ಎರಡು ಕೋಣೆ, ಮಾಳಿಗೆಯ ಎತ್ತರ ಮೀರದಂತೆ; ಅಂಗಡಿಗಳು ಇದ್ದಂತೆಯೇ. ಗೆರೆಯೊಳಗಿನ ದಿಡ್ಡಿಯ ದುರಸ್ತಿಗೆ ಬೇರೆ ಅರ್ಜಿ, ಗೆರೆಯಾಚೆಯ ದುರಸ್ತಿಗೂ ಹೊಸ ಕೋಣೆಗಳಿಗೂ ಬೇರೆ ಅರ್ಜಿ ಹಾಕಿದೆವು. ಅನುಮತಿ ಬರುವವರೆಗಿನ ತಿಂಗಳುಗಳಲ್ಲಿ ಪಡುವಣ ಗೋಡೆಗೆ ಓಣಿಯ ಕಡೆಯಿಂದ ಮರದ ಆನಿಕೆ ಕೊಟ್ಟು, ಮಾಳಿಗೆಯ ಮೇಲೆ ತಗಡು ಹೊದಿಸಿದೆವು. ನೋಟಿಸಿಗೆ ಈ ಆನಿಕೆಯ ಫೋಟೋ ಮತ್ತು ಓಳಂಬದ ಅಳತೆಗಳನ್ನೇ ಉತ್ತರವಾಗಿ ಕೊಟ್ಟಾಗ ಕಾಲಾವಕಾಶ ಸಿಕ್ಕಿತು.

ಕೆಲಸದಲ್ಲಿ ಮೊದಲು ಮಾಡಿದ್ದು ಮಾಳಿಗೆಯ ಭಾರ ಇಳಿಸುವುದು. 41 ಸೆಂಟಿಮೀಟರನ್ನು 15ಕ್ಕೆ ಇಳಿಸಿ, ಪ್ಲಾಸ್ಟಿಕ್ ಹಾಳೆ ಕಿತ್ತು, ಹೊಸ ಇಳಿಜಾರು ಕೊಟ್ಟು, ಮೇಲೆ ಕರಲು ಹಾಕಿ ಬಡಿದರು. ಚದರ ಮೀಟರಿಗೆ 440 ಕಿಲೋದಷ್ಟು ಭಾರ ಇಳಿಯಿತು. ದಾರದ ಗುರುತಿನಲ್ಲಿ ನೋಡಿದಾಗ ನಡುಮನೆಯ ತೊಲೆ ತಾನಾಗಿ ಬೆರಳರ್ಧ ಮೇಲಕ್ಕೆ ಬಂದಿತ್ತು. ಕೊಳೆತ 19 ಜಂತಿಗಳನ್ನು ಪೂರ್ತಿ ತೆಗೆಯಲಿಲ್ಲ, ತುದಿಯನ್ನಷ್ಟೇ ಕೊಯ್ದು, ಇಳಿಸಿದ ಕೊಟ್ಟಿಗೆಯಲ್ಲಿ ಗಟ್ಟಿ ಉಳಿದಿದ್ದ ಹಳೆಯ ಸಾಗವಾನಿಯ ತುಂಡುಗಳನ್ನು ಓರೆಬೆಸುಗೆಯಲ್ಲಿ ಕೂಡಿಸಿದರು. ಗೋಡೆಯ ಉಬ್ಬಿದ ಹೊರಪದರವನ್ನು ನಂಬರು ಬರೆದು ಬಿಚ್ಚಿ, ಪ್ರತಿ ಮೀಟರಿಗೆ ಕೊಂಡಿಗಲ್ಲು ಸೇರಿಸಿ ಮರಳಿ ಕಟ್ಟಿದರು. ಒಳಗಿನ ಟೊಳ್ಳಿಗೆ ಅರಳಿಸಿದ ಸುಣ್ಣದ ತೆಳುಗಾರೆ ಹೊಯ್ದರು. ಸಿಮೆಂಟಿನ ಗಿಲಾವು ಪೂರ್ತಿ ಹೋಯಿತು. ಕಲ್ಲಿನ ಹೊಸ ದೋಣಿಗಳನ್ನು ಗೋಡೆಯಿಂದ ಒಂದು ಮೊಳ ಹೊರಚಾಚುವಂತೆ ಕೂರಿಸಿದೆವು. ವರ್ಷಕ್ಕೊಮ್ಮೆ ಮಾಳಿಗೆ ಏರುವ ಕರಾರನ್ನು ಅದೇ ಹಿರಿಯ ಗೌಂಡಿಯ ಮಗನೊಂದಿಗೆ ಮಾಡಿ, ಅದರ ಖರ್ಚನ್ನು ಒಂದು ಅಂಗಡಿಯ ಬಾಡಿಗೆಗೆ ಕಟ್ಟಿದೆವು. ಇಡೀ ಯೋಜನೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವುದು ಈ ಕರಾರನ್ನೇ.

ಪುಣೆಯ ಹಿಸ್ಸೆಯವರು ಇನ್ನೂ ಸಹಿ ಮಾಡಿಲ್ಲ. ಅವರ ಪಾಲಿಗೆ ಬಂದ ಬಡಗಣ ಕೋಣೆಯನ್ನು ಮುಟ್ಟುವ ಹಕ್ಕು ನಮಗಿಲ್ಲ, ಹಾಗಾಗಿ ಅದು ಬೀಗ ಹಾಕಿದ ಸ್ಥಿತಿಯಲ್ಲಿ, ಒಳಗೆ ನಾಲ್ಕು ಉಕ್ಕಿನ ಆನಿಕೆಗಳ ಮೇಲೆ ನಿಂತಿದೆ. ಅವರ ಅಣ್ಣನ ಮಗ ಕಳೆದ ದೀಪಾವಳಿಗೆ ಬಂದು, ಆ ಕೋಣೆಯ ಬೆಲೆಯನ್ನು ಉಳಿದಿಬ್ಬರು ಕಟ್ಟಿಕೊಡಬಹುದೇ ಎಂದು ಕೇಳಿಹೋಗಿದ್ದಾನೆ, ಮಾತು ನಡೆದಿದೆ. ಪಡುವಣ ಗೋಡೆಯ ಹಳೆಯ ಬಿರುಕಿನ ಮೇಲೆ ಮೂರು ಕಡೆ, ಗೋಡೆ ಕದಲಿದರೆ ಸೀಳುವ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೆವು. ಎರಡು ಮಳೆಗಾಲ ಕಳೆದರೂ ಮೂರೂ ಸೀಳಿಲ್ಲ. ಬಡಗಣ ಕೋಣೆಯ ಬಾಗಿಲ ಮೇಲೆ ಅಂಟಿಸಿದ ನಾಲ್ಕನೆಯ ಪಟ್ಟಿಯಲ್ಲಿ ಈ ಜುಲೈನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಅದರ ಫೋಟೋವನ್ನು ಅಂದೇ ಪುಣೆಗೆ ಕಳಿಸಿದ್ದೇನೆ.